ಸವೆದ ಸ್ಟ್ರಟ್ಟು, ಸವೆದ ನೆನಪು

ಮುಂದಿನ ಎರಡೂ ಸ್ಟ್ರಟ್ ಬದಲಾಯಿಸಿಕೊಂಡು ಗ್ಯಾರೇಜಿನಿಂದ ಹೊರಬಂದ ಕಾರು ಮೊದಲ ಹಂಪ್ ದಾಟಿದ ಮೇಲೆ ಅದರ ಮಾಲೀಕರ ಬಾಯಲ್ಲಿ ಬರುವ ಮಾತು ಹೆಚ್ಚೂಕಡಿಮೆ ಒಂದೇ: ‘ಈ ಗಾಡಿ ಹಿಂದೆ ಹೀಗೆ ಓಡ್ತಿತ್ತು ಅನ್ನೋದೇ ಮರೆತುಹೋಗಿತ್ತು.’ ಮಾರುತಿ 800ರ ಕಾಲದಿಂದ ಈಗಿನ ಎತ್ತರದ ಕಾರುಗಳ ಕಾಲದವರೆಗೂ ಈ ಮಾತು ಬದಲಾಗಿಲ್ಲ. ನಾವು ಅದನ್ನು ಸಂತೋಷದ ಉದ್ಗಾರವೆಂದು ಕೇಳಿ ಸುಮ್ಮನಾಗುತ್ತೇವೆ. ನಿಜಕ್ಕೂ ಅದೊಂದು ಸಾಕ್ಷ್ಯ. ದಿನವೂ ಅದೇ ಸೀಟಿನಲ್ಲಿ ಕೂತು, ಅದೇ ಸ್ಟಿಯರಿಂಗ್ ಹಿಡಿದು, ಅದೇ ರಸ್ತೆಯಲ್ಲಿ ಹೋಗಿಬಂದವರಿಗೆ ತಮ್ಮ ಕಾರು ನಿಧಾನವಾಗಿ ಬೇರೊಂದು ಕಾರಾಗಿಬಿಟ್ಟದ್ದು ಗೊತ್ತಾಗಲಿಲ್ಲ ಎಂಬ ಒಪ್ಪಿಗೆ ಅದರಲ್ಲಿದೆ. ಬೆಳೆಯುವ ಮಗುವಿನ ಎತ್ತರ ಮನೆಯವರ ಕಣ್ಣಿಗೆ ಬೀಳುವುದಿಲ್ಲ, ವರ್ಷಕ್ಕೊಮ್ಮೆ ಬರುವ ಸೋದರಮಾವನ ಕಣ್ಣಿಗೆ ಬೀಳುತ್ತದೆ. ಸ್ಟ್ರಟ್ಟಿನ ಸವೆತವೂ ಅಂಥದ್ದೇ. ಸ್ಟ್ರಟ್ ಸವೆಯುವಾಗ ಅದರ ಜೊತೆಗೆ ಚಾಲಕನ ನೆನಪೂ ಸವೆಯುತ್ತದೆ. ಆದ್ದರಿಂದ ಸ್ಟ್ರಟ್ ಯಾವಾಗ ಬದಲಾಯಿಸಬೇಕು ಎಂಬ ತೀರ್ಮಾನವನ್ನು ನಮ್ಮ ಮೈಗೆ ಬಿಡಬಾರದು, ಪರೀಕ್ಷೆಗೆ ಮತ್ತು ಬರೆದಿಟ್ಟ ಲೆಕ್ಕಕ್ಕೆ ಒಪ್ಪಿಸಬೇಕು. ನಾಲ್ಕು ದಶಕಗಳ ನಮ್ಮ ಕಾರಿನ ಅನುಭವವನ್ನು ಹಿಂದಿರುಗಿ ನೋಡಿದಾಗ ನನಗೆ ಕಾಣುವ ಪಾಠ ಇದು.

ಮರೆವು ಮೊದಲು ಶುರುವಾಗುವುದು ಹೆಸರಿನಲ್ಲಿ. ಗ್ಯಾರೇಜಿನಲ್ಲಿ ಈ ಭಾಗಕ್ಕೆ ಶಾಕ್ ಅಬ್ಸರ್ಬರ್ ಎನ್ನುತ್ತೇವೆ, ಅವಸರದಲ್ಲಿ ಬರೀ ಶಾಕ್ಸ್. ಹೆಸರು ಕೇಳಿದವರಿಗೆ ಇದು ಏಟನ್ನು ನುಂಗುವ ಸಾಧನ, ಅಂದರೆ ಕೂತವರ ಸೊಂಟಕ್ಕೆ ಸಂಬಂಧಿಸಿದ್ದು ಎಂಬ ಭಾವನೆ ಬರುತ್ತದೆ. ಆದರೆ ಏಟನ್ನು ನುಂಗುವುದು ಸ್ಪ್ರಿಂಗ್. ಗುಂಡಿಗೆ ಇಳಿದ ಚಕ್ರ ಮೇಲಕ್ಕೆ ಬರುವಾಗ ಸ್ಪ್ರಿಂಗ್ ಕುಗ್ಗಿ ಆ ಶಕ್ತಿಯನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಇಟ್ಟುಕೊಂಡದ್ದನ್ನು ಮರುಕ್ಷಣ ಹಿಂದಕ್ಕೆ ಕೊಡುತ್ತದೆ, ಮತ್ತೆ ಪಡೆಯುತ್ತದೆ, ಮತ್ತೆ ಕೊಡುತ್ತದೆ. ಈ ಕೊಡುಕೊಳ್ಳುವಿಕೆಯನ್ನು ನಿಲ್ಲಿಸುವವರು ಒಬ್ಬರು ಬೇಕು. ಕೊಳವೆಯೊಳಗಿನ ಪಿಸ್ಟನ್ ಆ ಕೆಲಸ ಮಾಡುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಂತೆಲ್ಲ ಪಿಸ್ಟನ್ನಿನ ಸಣ್ಣ ಕಂಡಿಗಳ ಮೂಲಕ ಎಣ್ಣೆ ಒತ್ತಾಯದಿಂದ ಹರಿಯುತ್ತದೆ, ಕುಣಿತದ ಶಕ್ತಿ ಬಿಸಿಯಾಗಿ ಹೊರಗಿನ ಗಾಳಿಗೆ ಸೇರಿಹೋಗುತ್ತದೆ. ಇಷ್ಟರಿಂದ ಚಕ್ರ ರಸ್ತೆಯ ಮೇಲೆ ಒತ್ತಿಕೊಂಡೇ ಇರುತ್ತದೆ. ಹಾಗಾಗಿ ಈ ಸಾಧನದ ಮುಖ್ಯ ಕೆಲಸ ಟೈರನ್ನು ನೆಲಕ್ಕೆ ಅಂಟಿಸಿಡುವುದು, ಸುಖಪ್ರಯಾಣ ಅದರ ಜೊತೆಗೆ ಬಂದ ಲಾಭ. ಬ್ರೇಕು, ಸ್ಟಿಯರಿಂಗ್ ಎರಡೂ ರಸ್ತೆಯ ಜೊತೆ ಮಾತಾಡುವುದು ಟೈರು ನೆಲ ಮುಟ್ಟುವ ಅಂಗೈಯಷ್ಟು ಜಾಗದ ಮೂಲಕ. ಆ ಅಂಗೈಯಗಲದ ಕಾವಲುಗಾರನನ್ನು ನಾವು ಸೀಟಿನ ಕುಷನ್ನಿನ ಸಾಲಿಗೆ ಸೇರಿಸಿಬಿಟ್ಟೆವು.

ಹೀಗೆ ಸೇರಿಸಿದ್ದಕ್ಕೆ ಇತಿಹಾಸದಲ್ಲಿ ಕಾರಣವಿದೆ. ನಮ್ಮ ಹಿರಿಯರು ಕಾರು ಎಂಬುದನ್ನು ಕಲಿತದ್ದು ಅಂಬಾಸಡರ್ ಮತ್ತು ಪದ್ಮಿನಿಗಳ ಮೇಲೆ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯಿಂದ ಬಂದ ಅಂಬಾಸಡರಿಗೆ ಮುಂದೆ ತಿರುಚುವ ಉಕ್ಕಿನ ಸಲಾಕೆ, ಅಂದರೆ ಟಾರ್ಷನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗಿನ ಪಟ್ಟಿಗಳು. ಫಿಯೆಟ್ 1100ರ ವಂಶದ ಪದ್ಮಿನಿಗೆ ಮುಂದೆ ಮೇಲೊಂದು ಕೆಳಗೊಂದು ಆರ್ಮ್, ನಡುವೆ ಸುರುಳಿ ಸ್ಪ್ರಿಂಗ್. ಆ ಕಾರುಗಳಲ್ಲಿ ಚಕ್ರವನ್ನು ನೇರವಾಗಿ ಹಿಡಿದಿಡುವ ಹೊಣೆ ಆರ್ಮುಗಳದ್ದು. ಶಾಕ್ ಅಬ್ಸರ್ಬರ್ ಬೇರೆಯೇ ಒಂದು ಭಾಗ, ಕುಣಿತ ತಗ್ಗಿಸುವುದಷ್ಟೇ ಅದರ ಪಾಲಿನ ಕೆಲಸ. ಅದು ಸತ್ತುಹೋದರೂ ಚಕ್ರದ ನಿಲುವು ಕೆಡುತ್ತಿರಲಿಲ್ಲ. ಕಾರು ದೋಣಿಯಂತೆ ತೂಗುತ್ತಿತ್ತು, ಹಿಡಿತ ತಗ್ಗುತ್ತಿತ್ತು, ಆದರೂ ಅಂದಿನ ರಸ್ತೆಯಲ್ಲಿ ಅಂದಿನ ವೇಗಕ್ಕೆ ಹೇಗೋ ಸಾಗುತ್ತಿತ್ತು. ಹತ್ತು ಜನರನ್ನು ತುಂಬಿಕೊಂಡು ಮದುವೆಗೆ ಹೊರಟ ಅಂಬಾಸಡರ್ ಹಳ್ಳಿಯ ದಾರಿಯಲ್ಲಿ ತೊನೆಯುತ್ತ ಹೋದ ಚಿತ್ರ ಒಂದಿಡೀ ಪೀಳಿಗೆಯ ನೆನಪಿನಲ್ಲಿದೆ, ಅದರಲ್ಲಿ ಪ್ರೀತಿಯೂ ಇದೆ. ಆ ಪ್ರೀತಿಯ ಜೊತೆಗೇ ಒಂದು ನಂಬಿಕೆಯೂ ನಮ್ಮೊಳಗೆ ಇಳಿಯಿತು: ಕುಲುಕಾಟ ಎಂದರೆ ಸಹಿಸಿಕೊಳ್ಳಬೇಕಾದದ್ದು, ಅದಕ್ಕೆ ದುಡ್ಡು ಹಾಕುವುದು ಶೋಕಿ.

1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಮೊದಲ ಮಾರುತಿ 800ರ ಕೀಲಿಕೈ ಗ್ರಾಹಕರೊಬ್ಬರ ಕೈಸೇರಿದಾಗ ಬದಲಾದದ್ದು ಕಾರಿನ ಗಾತ್ರ ಮತ್ತು ಮೈಲೇಜ್ ಮಾತ್ರವಲ್ಲ. ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸುವ ಆ ಕಾರಿನಲ್ಲಿ ಮೇಲಿನ ಆರ್ಮಿಗೆ ಜಾಗವಿರಲಿಲ್ಲ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ, 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಮತ್ತು ಝೆಫಿರ್ ಕಾರುಗಳ ಮೂಲಕ ಜನಪ್ರಿಯವಾದ ಸ್ಟ್ರಟ್ ಇಂಥ ಕಾರಿಗೆ ಹೇಳಿಮಾಡಿಸಿದಂತಿತ್ತು. ಅದರಲ್ಲಿ ಮೇಲಿನ ಆರ್ಮನ್ನೇ ತೆಗೆದುಹಾಕಿ ಆ ಹೊಣೆಯನ್ನು ಶಾಕ್ ಅಬ್ಸರ್ಬರಿನ ಕೊಳವೆಗೇ ಹೊರಿಸಲಾಗಿದೆ. ಸ್ಪ್ರಿಂಗ್ ಅದರ ಮೇಲೆಯೇ ಕೂರುತ್ತದೆ. ಚಕ್ರದ ಹಬ್ ಅದರ ಬುಡಕ್ಕೆ ಬೋಲ್ಟ್ ಆಗುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಇಡೀ ಸ್ಟ್ರಟ್ ತನ್ನ ತಲೆಯ ಮೇಲಿನ ಬೇರಿಂಗಿನಲ್ಲಿ ತಿರುಗುತ್ತದೆ. ಭಾಗಗಳು ಕಡಿಮೆ, ಖರ್ಚು ಕಡಿಮೆ, ಎಂಜಿನ್ನಿಗೆ ಜಾಗ ಧಾರಾಳ. ಇಂದು ನಮ್ಮ ರಸ್ತೆಯಲ್ಲಿರುವ ಸಣ್ಣ, ಮಧ್ಯಮ ಕಾರುಗಳಲ್ಲಿ ಬಹುಪಾಲು ಮುಂದೆ ಇದನ್ನೇ ಹೊತ್ತಿವೆ. ಇದಕ್ಕೆ ತೆರಬೇಕಾದ ಬೆಲೆ ಒಂದಿತ್ತು. ಹಿಂದೆ ಒಂದೇ ಕೆಲಸವಿದ್ದ ಭಾಗಕ್ಕೆ ಈಗ ಕುಣಿತ ತಗ್ಗಿಸುವುದು, ಭಾರ ಹೊರುವುದು, ಚಕ್ರವನ್ನು ನೇರ ನಿಲ್ಲಿಸುವುದು, ಸ್ಟಿಯರಿಂಗಿಗೆ ಅಚ್ಚಾಗುವುದು ಎಂಬ ನಾಲ್ಕು ಕೆಲಸ ಬಂದವು. ತಿರುವಿನಲ್ಲಿ, ಬ್ರೇಕಿನಲ್ಲಿ ಅದರ ಪಿಸ್ಟನ್ನಿನ ರಾಡನ್ನು ಬಗ್ಗಿಸಲು ನೋಡುವ ಬಲವೆಲ್ಲ ಒಳಗಿನ ಬುಷ್ ಮತ್ತು ಸೀಲಿನ ಮೇಲೆ ಬೀಳತೊಡಗಿತು. ಕೆಲಸ ನಾಲ್ಕಾಯಿತು, ಹೆಸರು ಮಾತ್ರ ಹಳೆಯದೇ ಉಳಿಯಿತು, ಅದರ ಜೊತೆಗೆ ಸಹಿಸಿಕೊಳ್ಳುವ ಹಳೆಯ ಅಭ್ಯಾಸವೂ ಉಳಿಯಿತು.

ಇನ್ನು ಸವೆತ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದರೆ ಮೈಗೆ ಅದು ಯಾಕೆ ತಿಳಿಯುವುದಿಲ್ಲ ಎಂಬುದೂ ಅರ್ಥವಾಗುತ್ತದೆ. ರಾಡನ್ನು ಧೂಳಿನಿಂದ ಕಾಯುವ ರಬ್ಬರಿನ ಬೂಟ್ ಹರಿಯುವುದರಿಂದ ಎಷ್ಟೋ ಸಲ ಇದು ಆರಂಭವಾಗುತ್ತದೆ. ಹರಿದ ಕಡೆಯಿಂದ ಕೆಮ್ಮಣ್ಣಿನ ಧೂಳು, ಮಳೆಗಾಲದ ಕೆಸರು ನಯವಾದ ರಾಡಿನ ಮೇಲೆ ಕೂರುತ್ತದೆ. ಒಂದೊಂದು ಕುಣಿತಕ್ಕೂ ಆ ಕಣಗಳು ಸೀಲನ್ನು ಉಜ್ಜುತ್ತವೆ. ಸೀಲ್ ಸೋತಾಗ ಎಣ್ಣೆ ಒಸರುತ್ತದೆ, ಎಣ್ಣೆ ಇಳಿದಷ್ಟೂ ಪಿಸ್ಟನ್ನಿನ ಹಿಡಿತ ಸಡಿಲುತ್ತದೆ. ಹಿಡಿತ ಹೋದ ಸ್ಟ್ರಟ್ ಗುಂಡಿಯಲ್ಲಿ ಕೊನೆಯ ತನಕ ಕುಸಿದು ಬಂಪ್ ಸ್ಟಾಪ್ ಎಂಬ ತಡೆಗೆ ಗುದ್ದುತ್ತದೆ, ಆ ಗುದ್ದು ಮೇಲಿನ ಮೌಂಟಿನ ರಬ್ಬರನ್ನು ಸೀಳುತ್ತದೆ, ಚಕ್ರದ ನಿಲುವು ಅಲುಗಾಡಿ ಟೈರು ಅಲೆಅಲೆಯಾಗಿ ತಿನ್ನಿಸಿಕೊಳ್ಳುತ್ತದೆ. ಈ ಸರಪಳಿಯ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹೋಗಲು ತಿಂಗಳುಗಳು, ವರ್ಷಗಳು ಹಿಡಿಯುತ್ತವೆ. ನಿನ್ನೆಗೂ ಇಂದಿಗೂ ನಡುವೆ ವ್ಯತ್ಯಾಸವೇ ಇರುವುದಿಲ್ಲ. ಮೇಲಾಗಿ ಚಾಲಕ ತನಗೇ ಅರಿವಿಲ್ಲದೆ ಹೊಂದಿಕೊಳ್ಳುತ್ತಾನೆ: ಬ್ರೇಕನ್ನು ಸ್ವಲ್ಪ ಮುಂಚೆ ಒತ್ತುತ್ತಾನೆ, ತಿರುವಿನಲ್ಲಿ ಸ್ಟಿಯರಿಂಗನ್ನು ಎರಡು ಸಲ ತಿದ್ದುತ್ತಾನೆ, ಹಂಪಿಗೆ ಇನ್ನಷ್ಟು ನಿಧಾನಿಸುತ್ತಾನೆ. ಕಾರಿನ ಕೊರತೆಯನ್ನು ಕೈಕಾಲುಗಳು ತುಂಬಿಕೊಡುತ್ತ ಹೋದಂತೆ ಆ ಕೊರತೆ ಮನಸ್ಸಿನ ಲೆಕ್ಕದಿಂದ ಮಾಯವಾಗುತ್ತದೆ.

ಬಾನೆಟ್ಟಿನ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು, ಕಾರು ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವ ಹಳೆಯ ಪರೀಕ್ಷೆಯೂ ಈ ಮರೆವನ್ನು ಪೂರ್ತಿ ಹೋಗಲಾಡಿಸದು. ಸ್ಪ್ರಿಂಗಿನ ಮೇಲೆ ಕೂತ ಕಾರಿನ ಮೈ ತೂಗುವುದು ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ, ಕೈಯಿಂದ ಒತ್ತಿದಾಗ ಕಾಣುವುದು ಈ ನಿಧಾನದ ತೂಗಾಟ. ಆದರೆ ಚಕ್ರ ತಾನೇ ಕುಣಿಯತೊಡಗಿದರೆ ಅದರ ಲಯ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ. ಆ ವೇಗದ ಕುಣಿತವನ್ನು ಹಿಡಿಯುವ ಶಕ್ತಿ ಸ್ಟ್ರಟ್ಟಿಗೆ ಉಳಿದಿದೆಯೇ ಎಂಬುದು ನಿಂತ ಕಾರಿನ ಬಾನೆಟ್ ಒತ್ತಿದರೆ ಕಾಣುವುದಿಲ್ಲ. ಹೆಚ್ಚು ಕುಣಿದರೆ ಸ್ಟ್ರಟ್ ಸೋತಿದೆ ಎನ್ನಬಹುದು, ಕುಣಿಯಲಿಲ್ಲವೆಂದು ಅದು ಗಟ್ಟಿ ಎನ್ನುವಂತಿಲ್ಲ. ಅಪಾಯ ಅಡಗಿರುವುದು ಆ ವೇಗದ ಕುಣಿತದಲ್ಲೇ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಆ ಒಂದು ಸೆಕೆಂಡಿನಲ್ಲಿ ಹತ್ತು ಸಲ ಚಕ್ರದ ಒತ್ತಡ ಏರಿ ಇಳಿದರೆ, ಇಳಿದಾಗ ಕಳೆದುಕೊಂಡ ಹಿಡಿತವನ್ನು ಏರಿದಾಗ ಪೂರ್ತಿ ಗಳಿಸಲಾಗದು, ಏಕೆಂದರೆ ಟೈರಿನ ಹಿಡಿತ ಭಾರಕ್ಕೆ ಸಮನಾಗಿ ಹೆಚ್ಚುವುದಿಲ್ಲ. ನೆಲ ಬಿಟ್ಟು ಜಿಗಿಯುವ ಚಕ್ರವನ್ನು ಎಬಿಎಸ್ ಜಾರುವ ಚಕ್ರವೆಂದೇ ಎಣಿಸಿ ಬ್ರೇಕ್ ಸಡಿಲಿಸುತ್ತದೆ. ಬ್ರೇಕ್ ಪ್ಯಾಡ್ ಹೊಸದಿದ್ದರೂ, ಟೈರ್ ಹೊಸದಿದ್ದರೂ ಕಾರು ಮುಂದೆ ಹೋಗಿ ನಿಲ್ಲುತ್ತದೆ. ಶಿರಾಡಿಯ ಒದ್ದೆ ಇಳಿಜಾರಿನಲ್ಲಿ, ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಆ ಕೆಲವು ಅಡಿಗಳ ಅರ್ಥ ಏನೆಂಬುದನ್ನು ಮಲೆನಾಡು ಹತ್ತಿಳಿದವರಿಗೆ ವಿವರಿಸಬೇಕಿಲ್ಲ.

ಇಷ್ಟು ಹೇಳಿದಾಗ ಎದುರಾಗುವ ಮೊದಲ ಆಕ್ಷೇಪ ರಸ್ತೆಯ ಬಗ್ಗೆ. ತಪ್ಪು ರಸ್ತೆಯದ್ದು, ದಂಡ ಮಾತ್ರ ಕಾರಿನವರಿಗೆ ಯಾಕೆ ಎಂದು ಜನ ಕೇಳುತ್ತಾರೆ. ಈ ಸಿಟ್ಟು ನ್ಯಾಯವಾದದ್ದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ, 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರವಿದ್ದು ದುಂಡಗೆ ಏರಿ ಇಳಿಯಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ, ಬಣ್ಣವಿಲ್ಲದ, ಗೋಡೆಯಂಥ ಕಿರಿದಾದ ಉಬ್ಬುಗಳಿಗೂ ಈ ಅಳತೆಗೂ ಸಂಬಂಧವೇ ಇಲ್ಲ. ಪೈಪು ಹೂಳಲು ಅಗೆದು ಮುಚ್ಚದೆ ಬಿಟ್ಟ ಗುಂಡಿಗಳಿಗೆ ಉತ್ತರ ಹೇಳಬೇಕಾದವರೂ ಇದ್ದಾರೆ, ಅವರನ್ನು ಕೇಳುವುದನ್ನು ನಾವು ನಿಲ್ಲಿಸಬಾರದು. ಆದರೆ ರಸ್ತೆ ಕೆಟ್ಟಿದೆ ಎಂಬುದು ಸ್ಟ್ರಟ್ಟನ್ನು ಕಡೆಗಣಿಸಲು ಕಾರಣವಾಗದು, ಹೆಚ್ಚು ಸಲ ನೋಡಲು ಕಾರಣವಾಗುತ್ತದೆ. ಸುಮಾರು 80,000 ಕಿ.ಮೀ. ಆದಾಗ ಪರೀಕ್ಷಿಸಿ ಎಂಬ ಸಲಹೆ ಈ ರಂಗದಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ, ಅದು ನಯವಾದ ರಸ್ತೆಯ ದೇಶಗಳಲ್ಲಿ ಹುಟ್ಟಿದ ಅಳತೆ. ಇನ್ನೊಂದು ಅಪಾಯವೂ ಇಲ್ಲಿದೆ. ರಸ್ತೆಯನ್ನು ಬೈಯುವ ಅಭ್ಯಾಸ ಬಲಿತಂತೆ ಕಾರಿನಿಂದ ಬರುವ ಪ್ರತಿ ಸದ್ದನ್ನೂ ರಸ್ತೆಯ ಖಾತೆಗೆ ಬರೆದುಬಿಡುತ್ತೇವೆ. ‘ರೋಡೇ ಹಂಗಿದೆ’ ಎಂಬ ಮಾತು ಮರೆವಿಗೆ ಸಿಕ್ಕಿದ ಅತಿ ಸುಲಭದ ಸಮಜಾಯಿಷಿ.

ಎರಡನೆಯ ಆಕ್ಷೇಪ ಹಣದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಹತ್ತು ಹದಿನೈದು ವರ್ಷದ ಕಾರಿಗೆ ಎರಡು ಸ್ಟ್ರಟ್, ಮೌಂಟ್, ಬೇರಿಂಗ್, ಕೂಲಿ, ಅಲೈನ್‌ಮೆಂಟ್ ಎಂದು ಕೂಡಿಸಿದರೆ ಸಂಬಳದವರ ತಿಂಗಳ ಲೆಕ್ಕ ತಪ್ಪುತ್ತದೆ. ಮುಂದಿನಿಂದ ಬಂದ ಸದ್ದಿಗೆಲ್ಲ ಸ್ಟ್ರಟ್ ಹೋಗಿದೆ ಎಂದುಬಿಡುವ ಕಡೆಗಳೂ ಇವೆ ಎಂಬ ಅನುಮಾನ ಆಧಾರವಿಲ್ಲದ್ದಲ್ಲ. ಇದಕ್ಕೆ ಮದ್ದು ಪರೀಕ್ಷೆಯನ್ನು ಸರಿಯಾದ ಕ್ರಮದಲ್ಲಿ ಮಾಡಿಸುವುದು. ಸಣ್ಣ ಗುಂಡಿಗಳಲ್ಲಿ ಕಟಕಟ ಎಂದರೆ ಹೆಚ್ಚಾಗಿ ಸ್ಟೆಬಿಲೈಸರಿನ ಲಿಂಕ್ ರಾಡ್ ಅಥವಾ ಬುಷ್, ಅದು ಕಡಿಮೆ ಖರ್ಚಿನ ಕೆಲಸ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಣ್ಣೆಂದು ಜಿಗಿದರೆ ಮೇಲಿನ ಬೇರಿಂಗನ್ನು ಮೊದಲು ನೋಡಬೇಕು. ಸ್ಟ್ರಟ್ಟಿನ ಮೈಮೇಲೆ ತೆಳುವಾದ ಎಣ್ಣೆಯ ಪಸೆ ಇದ್ದರೆ ಹೆದರಬೇಕಿಲ್ಲ, ಎಣ್ಣೆ ಹರಿದು ಧೂಳು ಮೆತ್ತಿಕೊಂಡಿದ್ದರೆ ಅದರ ಕಾಲ ಮುಗಿದಿದೆ. ಬ್ರೇಕ್ ಒತ್ತಿದಾಗ ಮೂಗು ಆಳಕ್ಕೆ ಕುಸಿಯುವುದು, ಹಂಪ್ ದಾಟಿದ ಮೇಲೂ ಮುಂಭಾಗ ತೂಗುತ್ತಲೇ ಇರುವುದು, ಟೈರಿನ ಮೇಲೆ ಅಂಗೈ ಆಡಿಸಿದಾಗ ಉಬ್ಬುತಗ್ಗು ಸಿಗುವುದು, ಅಂಥ ಸೋರಿಕೆ ಕಾಣದಿದ್ದರೆ ಇವುಗಳನ್ನು ಒಟ್ಟಿಗೆ ನೋಡಿಯೇ ಸ್ಟ್ರಟ್ಟಿನ ಮೇಲೆ ತೀರ್ಪು ಕೊಡಬೇಕು. ಆ ತೀರ್ಪು ಬಂದ ಮೇಲೆ ಮುಂದೂಡಿದರೆ ಹಣ ಉಳಿಯುವುದಿಲ್ಲ. ಅರ್ಧ ಆಯಸ್ಸಿಗೇ ಸತ್ತ ಎರಡು ಟೈರುಗಳ ಮೂಲಕ, ಹರಿದ ಮೌಂಟಿನ ಮೂಲಕ ಅದು ಕಂತುಕಂತಾಗಿ ಹೋಗುತ್ತದೆ.

ಮೂರನೆಯ ಆಕ್ಷೇಪ ನಮ್ಮ ದುರಸ್ತಿಯ ಪರಂಪರೆಯಿಂದ ಬರುತ್ತದೆ, ಅದಕ್ಕೆ ನನ್ನ ಗೌರವವಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ಹಿಡಿದು ತಾಲ್ಲೂಕಿನ ಗ್ಯಾರೇಜುಗಳವರೆಗೆ, ಎಸೆಯಬೇಕಾದದ್ದನ್ನು ಬಿಚ್ಚಿ ಸರಿಮಾಡಿ ಮತ್ತೆ ಓಡಿಸುವ ಜಾಣ್ಮೆ ನಮ್ಮ ಕಾರುಗಳನ್ನು ದಶಕಗಳ ಕಾಲ ಬದುಕಿಸಿದೆ. ಹಾಗಾದರೆ ಸ್ಟ್ರಟ್ಟಿಗೂ ಎಣ್ಣೆ ತುಂಬಿ ಸೀಲ್ ಹಾಕಿ ರೀಕಂಡೀಷನ್ ಮಾಡಿದರಾಯಿತಲ್ಲ, ಅಥವಾ ಸೋರುತ್ತಿರುವ ಒಂದನ್ನಷ್ಟೇ ಬದಲಾಯಿಸಿದರೆ ಸಾಕಲ್ಲ ಎಂಬ ಪ್ರಶ್ನೆ ಸಹಜ. ಹಿಂದಿನ ಕೆಲವು ಸ್ಟ್ರಟ್ಟುಗಳಿಗೆ ತಿರುಚಿ ತೆಗೆಯುವ ಮುಚ್ಚಳವಿತ್ತು, ಒಳಗಿನ ಭಾಗವನ್ನಷ್ಟೇ ಬದಲಾಯಿಸಬಹುದಿತ್ತು, ಅಲ್ಲಿ ಆ ಜಾಣ್ಮೆಗೆ ಅರ್ಥವಿತ್ತು. ಇಂದಿನವು ಬಹುತೇಕ ಕಾರ್ಖಾನೆಯಲ್ಲೇ ಮುಚ್ಚಿ ಸೀಲ್ ಆದವು, ಎಷ್ಟೋ ಸ್ಟ್ರಟ್ಟುಗಳಲ್ಲಿ ಎಣ್ಣೆಯ ಜೊತೆ ಒತ್ತಡದ ನೈಟ್ರೋಜನ್ ಇರುತ್ತದೆ. ಕೊರೆದು ಎಣ್ಣೆ ತುಂಬಿದರೆ ಆ ಒತ್ತಡ, ಕವಾಟಗಳ ಅಳತೆ, ಗೀರು ಬಿದ್ದ ರಾಡಿನ ನಯ ಮರಳಿ ಬರುವುದಿಲ್ಲ. ಇನ್ನು ಒಂದೇ ಕಡೆ ಹೊಸದು ಹಾಕಿದರೆ ಎಡಗಾಲು ಗಟ್ಟಿ, ಬಲಗಾಲು ಸಡಿಲ. ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ಎರಡೂ ಕಡೆಯ ವರ್ತನೆ ಬೇರೆಯಾಗುತ್ತದೆ. ಸ್ಟ್ರಟ್ ಯಾವಾಗಲೂ ಜೋಡಿ ಎಂಬ ನಿಯಮ ಹುಟ್ಟಿದ್ದು ಇದರಿಂದ. ನಮ್ಮ ಮೆಕ್ಯಾನಿಕರ ನಿಜವಾದ ಜಾಣ್ಮೆ ಬೇಕಿರುವುದು ಬದಲಾಯಿಸುವ ಕೆಲಸದಲ್ಲೇ: ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಬಿಗಿಯದೆ ನಡುವಿನ ನಟ್ಟಿಗೆ ಕೈಹಾಕಿದರೆ ಅದು ಪ್ರಾಣಕ್ಕೇ ಅಪಾಯ. ಹಬ್ಬಿನ ಬೋಲ್ಟಿನ ಸ್ಥಾನ ಗುರುತು ಹಾಕಿಕೊಳ್ಳುವುದು, ಬೂಟ್ ಮತ್ತು ಬಂಪ್ ಸ್ಟಾಪನ್ನು ಜೊತೆಯಲ್ಲೇ ಹೊಸದು ಮಾಡುವುದು, ಕೊನೆಗೆ ಅಲೈನ್‌ಮೆಂಟ್ ಮಾಡಿಸುವುದು, ಇವುಗಳಲ್ಲಿ ಒಂದು ತಪ್ಪಿದರೂ ಹೊಸ ಸ್ಟ್ರಟ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಪರೀಕ್ಷೆ ಮಾಡುವುದು ಸರ್ಕಾರದ ಕೆಲಸವಲ್ಲವೇ ಎಂದು ಕೇಳುವವರಿಗೆ ನಮ್ಮ ಕಾನೂನಿನ ಸ್ಥಿತಿಯನ್ನು ನೆನಪಿಸಬೇಕು. ಟ್ಯಾಕ್ಸಿ, ಬಸ್ಸು, ಲಾರಿಗಳಿಗೆ ನಿಗದಿತ ಅವಧಿಗೊಮ್ಮೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಆಗಬೇಕು. ಖಾಸಗಿ ಕಾರಿನ ನೋಂದಣಿ ಮಾತ್ರ ಮೊದಲ 15 ವರ್ಷಕ್ಕೆ ಊರ್ಜಿತ, ಆ ನಂತರ ಐದೈದು ವರ್ಷಕ್ಕೆ ನವೀಕರಣ. ಅಂದರೆ ಒಂದು ಕಾರು ತನ್ನ ಆಯಸ್ಸಿನ ಬಹುಭಾಗವನ್ನು ಇಂಥ ಪರೀಕ್ಷೆಗೆ ಒಡ್ಡಿಕೊಳ್ಳದೆ ಕಳೆಯಬಹುದು. ಬ್ರಿಟನ್ನಿನಲ್ಲಿ 1960ರಲ್ಲಿ ಆರಂಭವಾದ ಎಂಒಟಿ ಪರೀಕ್ಷೆ ಮೊದಲು ಹತ್ತು ವರ್ಷ ದಾಟಿದ ವಾಹನಗಳಿಗಷ್ಟೇ ಇತ್ತು. ಅದೇ ದಶಕದಲ್ಲಿ ಅದನ್ನು ಮೂರು ವರ್ಷಕ್ಕೆ ಇಳಿಸಲಾಯಿತು, ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ. ಎಣ್ಣೆ ಸುರಿಯುವ ಶಾಕ್ ಅಬ್ಸರ್ಬರ್ ಕಂಡರೆ ಅಲ್ಲಿ ಕಾರು ನಪಾಸು. ಜಪಾನ್, ಜರ್ಮನಿಗಳಲ್ಲೂ ಮೂರು ವರ್ಷಕ್ಕೆ ಮೊದಲ ಪರೀಕ್ಷೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಆ ದೇಶಗಳ ಚಾಲಕರ ಮೈಗೆ ನಮಗಿಂತ ಹೆಚ್ಚಿನ ಅರಿವೇನೂ ಇಲ್ಲ. ಮೈ ಮರೆಯುತ್ತದೆ ಎಂಬುದನ್ನು ಒಪ್ಪಿಕೊಂಡು, ನೆನಪಿಡುವ ಕೆಲಸವನ್ನು ಒಂದು ವ್ಯವಸ್ಥೆಗೆ ವಹಿಸಿದ್ದಾರೆ, ಅಷ್ಟೇ. ನಮ್ಮಲ್ಲೂ ಅಂಥ ವ್ಯವಸ್ಥೆ ಬರಬೇಕು. ಬರುವವರೆಗೆ ಪ್ರತಿಯೊಬ್ಬ ಮಾಲೀಕನೂ ತನ್ನ ಕಾರಿಗೆ ತಾನೇ ಆ ವ್ಯವಸ್ಥೆಯಾಗಬೇಕು.

ಅದಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಪುಸ್ತಕ, ಅದರಲ್ಲಿ ಸ್ಟ್ರಟ್ ಯಾವ ದಿನ, ಎಷ್ಟು ಕಿಲೋಮೀಟರಿಗೆ ಹಾಕಿಸಿದ್ದು ಎಂಬ ಒಂದು ಸಾಲು. ಪ್ರತಿ ಸರ್ವಿಸಿಗೆ ಕಾರು ಲಿಫ್ಟಿನ ಮೇಲೆ ಏರಿದಾಗ ಬೂಟ್ ಹರಿದಿದೆಯೇ, ಎಣ್ಣೆ ಒಸರಿದೆಯೇ ಎಂದು ನೋಡಿ ಬರೆಯುವ ಇನ್ನೊಂದು ಸಾಲು. ತಿಂಗಳಿಗೊಮ್ಮೆ ಗಾಳಿ ಹಿಡಿಸುವಾಗ ಮುಂದಿನ ಟೈರುಗಳ ಮೇಲೆ ಅಂಗೈ ಸವರುವ ಅರ್ಧ ನಿಮಿಷ. ಅಪರೂಪಕ್ಕೆ ಕಾರು ಹತ್ತುವ ನೆಂಟರು ‘ಯಾಕೆ ಇಷ್ಟು ಕುಲುಕುತ್ತೆ?’ ಎಂದರೆ ಅದನ್ನು ಟೀಕೆ ಎಂದುಕೊಳ್ಳದೆ ಸೋದರಮಾವನ ಕಣ್ಣು ಎಂದುಕೊಳ್ಳುವ ವಿನಯ. ನಾನು ಪೇಟೆಗಷ್ಟೇ ಹೋಗಿಬರುವವನು, ನಿಧಾನವಾಗಿ ಓಡಿಸುವವನು, ನನಗೇಕೆ ಇದೆಲ್ಲ ಎನ್ನುವವರೂ ಒಂದನ್ನು ಯೋಚಿಸಬೇಕು. ಪೇಟೆಯ ಬೀದಿಯಲ್ಲೇ ಶಾಲೆಯ ಮಕ್ಕಳು ಅಡ್ಡ ಓಡುವುದು, ಅಲ್ಲೇ ತರಕಾರಿ ಚೀಲ ಹಿಡಿದ ಅಜ್ಜಿ ಎರಡು ಹೆಜ್ಜೆ ಇಟ್ಟು ಅನುಮಾನಿಸಿ ನಿಲ್ಲುವುದು. ಕಾರಿನೊಳಗಿನವರು ಕುಲುಕಾಟವನ್ನು ಸಹಿಸಿಕೊಂಡರೆ ಅದು ಅವರ ಆಯ್ಕೆ. ಆದರೆ ಕಾರು ಎರಡು ಅಡಿ ಮುಂದೆ ಹೋಗಿ ನಿಲ್ಲುವುದನ್ನು ಹೊರಗಿನವರ ಪರವಾಗಿ ಸಹಿಸಿಕೊಳ್ಳುವ ಹಕ್ಕು ಅವರಿಗಿಲ್ಲ. ರಸ್ತೆ ದಾಟುವ ಆ ಅಜ್ಜಿಗೆ ನಮ್ಮ ಸ್ಟ್ರಟ್ ಹೇಗಿದೆ ಎಂಬುದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಅದನ್ನು ನೆನಪಿಟ್ಟುಕೊಳ್ಳಬೇಕಾದವರು ನಾವು. ನೆನಪು ಸವೆಯುತ್ತದೆ ಎಂದು ತಿಳಿದ ಮೇಲೆ, ಆ ಒಂದು ಸಾಲನ್ನು ಬರೆದಿಡುವುದು ಅವಳಿಗೆ ನಾವು ಕೊಡಬೇಕಾದ ಕನಿಷ್ಠ ಮಾತು.